ವ್ಯೂಹದಲ್ಲಿ ಒಂದು ಜಾಗವನ್ನು ಖಾಲಿ ಬಿಡುವುದೇಕೆ?

ಪ್ರಶ್ನೆ – ಯಲಹಂಕ ನಿವಾಸಿ

2019ರ ಫೆಬ್ರವರಿ 19ರಂದು, ಯಲಹಂಕದ ವೈಮಾನಿಕ ಪ್ರದರ್ಶನ ಆರಂಭವಾಗುವುದಕ್ಕೆ ಒಂದು ದಿನ ಮೊದಲು, ತಾಲೀಮಿನ ವೇಳೆ ವಾಯುಪಡೆಯ ವೈಮಾನಿಕ ಕಸರತ್ತಿನ ತಂಡವಾದ ಸೂರ್ಯಕಿರಣದ ಎರಡು ಹಾಕ್ ವಿಮಾನಗಳು ಡಿಕ್ಕಿಯಾಗಿ ವಿಂಗ್ ಕಮಾಂಡರ್ ಸಾಹಿಲ್ ಗಾಂಧಿಯವರು ಮಡಿದರು. ಮರುದಿನ ಅವರ ಗೌರವಾರ್ಥವಾಗಿ ಯುದ್ಧವಿಮಾನಗಳು ನಡುವೆ ಒಂದು ಜಾಗವನ್ನು ತೆರವಾಗಿಟ್ಟುಕೊಂಡು ಹಾರಿಹೋದವು. ನನ್ನ ಪಕ್ಕದಲ್ಲಿ ನಿಂತಿದ್ದವರು 'ಒಂದು ವಿಮಾನ ತಡವಾಯಿತೇನೋ' ಎಂದರು. ನಿಜ ಹೇಳಬೇಕೆಂದರೆ ನನಗೂ ಹಾಗೆಯೇ ಅನ್ನಿಸಿತ್ತು. ಈಗ ಒಂಬತ್ತನೆಯ ತರಗತಿಯಲ್ಲಿರುವ ನನ್ನ ಮಗಳು ಶಾಲೆಯ ಭಿತ್ತಿಪತ್ರಿಕೆಗೆ ಇದೇ ವಿಷಯವನ್ನು ಆರಿಸಿಕೊಂಡಿದ್ದಾಳೆ. ಈ ಪದ್ಧತಿ ಎಲ್ಲಿಂದ ಬಂತು, ವೈಮಾನಿಕರು ತಮ್ಮ ಸಂಗಾತಿಗಳನ್ನು ಇನ್ನು ಯಾವ ಬಗೆಯಲ್ಲಿ ನೆನೆಯುತ್ತಾರೆ, ಬೆಂಗಳೂರಿನಲ್ಲಿ ಅವಳಿಗೆ ತೋರಿಸುವಂಥದ್ದು ಏನಿದೆ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ – ಜಾಲಹಳ್ಳಿಯ ನಿವೃತ್ತ

ಮಾನ್ಯರೇ, ನಾನು ವಾಯುಪಡೆಯಲ್ಲಿ ವಿಮಾನಗಳ ನಿರ್ವಹಣೆಯಲ್ಲಿದ್ದು ನಿವೃತ್ತನಾದವನು. ಹಾರಿದವನಲ್ಲ, ಹಾರುವವರನ್ನು ಸಜ್ಜುಗೊಳಿಸಿ ಕಳಿಸಿದವನು. ನೀವು ನೋಡಿದ್ದನ್ನು 'ಮಿಸ್ಸಿಂಗ್ ಮ್ಯಾನ್ ಫಾರ್ಮೇಶನ್' ಎನ್ನುತ್ತಾರೆ. ಇದರಲ್ಲಿ ಎರಡು ಬಗೆಗಳಿವೆ. ಮೊದಲನೆಯದರಲ್ಲಿ ಎಲ್ಲ ವಿಮಾನಗಳೂ ಒಟ್ಟಾಗಿ ಬರುತ್ತವೆ. ಗೌರವ ಸಲ್ಲಿಸುವ ಸ್ಥಳದ ಮೇಲೆ ಬಂದೊಡನೆ ಒಂದು ವಿಮಾನ ಮಾತ್ರ ಮೂತಿಯೆತ್ತಿ ನೇರವಾಗಿ ಮೇಲಕ್ಕೇರಿ ಮರೆಯಾಗುತ್ತದೆ, ಉಳಿದವು ಆ ಜಾಗವನ್ನು ತುಂಬದೆ ಹಾಗೆಯೇ ಮುಂದೆ ಸಾಗುತ್ತವೆ. ಎರಡನೆಯದರಲ್ಲಿ ಆ ಜಾಗ ಮೊದಲಿನಿಂದಲೂ ಖಾಲಿಯಾಗಿರುತ್ತದೆ. 1938ರಲ್ಲಿ ಅಮೆರಿಕದ ಸೇನಾ ವೈಮಾನಿಕ ದಳದ ಮುಖ್ಯಸ್ಥರಾಗಿದ್ದ ಆಸ್ಕರ್ ವೆಸ್ಟೋವರ್ ವಿಮಾನ ಅಪಘಾತದಲ್ಲಿ ತೀರಿಕೊಂಡಾಗ, 50ಕ್ಕೂ ಹೆಚ್ಚು ವಿಮಾನಗಳು ಹೀಗೆ ಒಂದು ಸ್ಥಾನವನ್ನು ಬಿಟ್ಟು ಹಾರಿದ್ದವು.

ನಮ್ಮಲ್ಲಿ ನೆನಪಿಡಬೇಕಾದ ಸಂದರ್ಭವೆಂದರೆ 2019ರ ಮೇ 27. ಅದಕ್ಕೆ ಸರಿಯಾಗಿ 20 ವರ್ಷಗಳ ಹಿಂದೆ, ಕಾರ್ಗಿಲ್ ಸಮರದಲ್ಲಿ, 17ನೇ ಸ್ಕ್ವಾಡ್ರನ್ನಿನ ಸ್ಕ್ವಾಡ್ರನ್ ಲೀಡರ್ ಅಜಯ್ ಅಹುಜಾ ಹುತಾತ್ಮರಾಗಿದ್ದರು. ಆಗ ಅದೇ ಸ್ಕ್ವಾಡ್ರನ್ನಿನ ನಾಯಕರಾಗಿದ್ದ ಬಿ.ಎಸ್. ಧನೋವಾ ಅವರು, ವಾಯುಪಡೆಯ ಮುಖ್ಯಸ್ಥರಾದ ಮೇಲೆ, ಪಂಜಾಬಿನ ಭಿಸಿಯಾನಾ ನೆಲೆಯಿಂದ ಮಿಗ್-21 ವಿಮಾನವನ್ನು ತಾವೇ ಹಾರಿಸಿ ಆ ವ್ಯೂಹವನ್ನು ಮುನ್ನಡೆಸಿದರು. ಬಾಣದಾಕಾರದ ವ್ಯೂಹ, ಅದರಲ್ಲಿ ಎರಡು ವಿಮಾನಗಳ ನಡುವೆ ಒಂದು ತೆರವು. ಇದನ್ನು ಹಾರುವುದು ಸುಲಭವೆಂದು ತಿಳಿಯಬೇಡಿ. ವ್ಯೂಹದಲ್ಲಿರುವ ಪೈಲಟ್ ಪಕ್ಕದ ವಿಮಾನದ ಗುರುತುಗಳನ್ನು ನೋಡಿಕೊಂಡೇ ತನ್ನ ಅಂತರವನ್ನು ಕಾಯ್ದುಕೊಳ್ಳುತ್ತಾನೆ. ಪಕ್ಕದ ವಿಮಾನವೇ ಇಲ್ಲವಾದಾಗ ಅದರಾಚೆಯದನ್ನು ನೋಡಿ, ಇಲ್ಲದವನ ಜಾಗವನ್ನು ಕಣ್ಣಳತೆಯಲ್ಲಿ ಹಿಡಿದುಕೊಂಡಿರಬೇಕು.

ನೆಲದ ಮೇಲಿನ ಕ್ರಮ ಮೂರೂ ಸೇನೆಗಳಿಗೆ ಹೆಚ್ಚುಕಡಿಮೆ ಒಂದೇ: ತ್ರಿವರ್ಣ ಧ್ವಜ ಹೊದಿಸಿದ ಪೆಟ್ಟಿಗೆ, ಪುಷ್ಪಚಕ್ರ, ಬಂದೂಕಿನ ನಳಿಗೆಯನ್ನು ಕೆಳಮುಖ ಮಾಡುವ 'ಶೋಕ ಶಸ್ತ್ರ', ಬ್ಯೂಗಲ್ಲಿನಲ್ಲಿ 'ಲಾಸ್ಟ್ ಪೋಸ್ಟ್' ಎಂಬ ವಿದಾಯದ ರಾಗ. ಗಾಳಿಯಲ್ಲಿ ಗುಂಡು ಹಾರಿಸುವುದನ್ನು ಪತ್ರಿಕೆಗಳು ಇಂದಿಗೂ 'ಕುಶಾಲತೋಪು' ಎಂದೇ ಬರೆಯುತ್ತವೆ. ಸಾವಿನ ಮನೆಯಲ್ಲಿ ಆ ಪದ ನನಗೆ ಯಾವಾಗಲೂ ಕಿರಿಕಿರಿ ಮಾಡುತ್ತದೆ.

ಉತ್ತರ – ಮಲ್ಲೇಶ್ವರದ ಓದುಗ

ಹಿರಿಯರು ಹೇಳಿದ್ದಕ್ಕೆ ಕೆಲವು ಹಳೆಯ ಸಂಗತಿಗಳನ್ನು ಸೇರಿಸುತ್ತೇನೆ. ಮೊದಲ ಮಹಾಯುದ್ಧದಲ್ಲಿ ಈ ಗೌರವ ಶತ್ರುವಿಗೂ ಸಲ್ಲುತ್ತಿತ್ತು. 1916ರ ಅಕ್ಟೋಬರಿನಲ್ಲಿ ಜರ್ಮನಿಯ ಹೆಸರಾಂತ ಯುದ್ಧ ಪೈಲಟ್ ಓಸ್ವಾಲ್ಡ್ ಬೋಲ್ಕೆ ಸತ್ತಾಗ ಬ್ರಿಟಿಷ್ ವೈಮಾನಿಕರು ವಿಮಾನದಿಂದ ಪುಷ್ಪಚಕ್ರವೊಂದನ್ನು ಕೆಳಗಿಳಿಬಿಟ್ಟರು. 1918ರ ಏಪ್ರಿಲಿನಲ್ಲಿ 'ರೆಡ್ ಬ್ಯಾರನ್' ಎಂದು ಹೆಸರಾದ ಜರ್ಮನ್ ಪೈಲಟ್ ರಿಚ್‌ಥೋಫೆನ್ ಹತನಾದಾಗ ಎದುರಾಳಿಗಳಾದ ಆಸ್ಟ್ರೇಲಿಯದ ವೈಮಾನಿಕರೇ ಅವನನ್ನು ಸಕಲ ಸೇನಾ ಮರ್ಯಾದೆಗಳೊಂದಿಗೆ ಮಣ್ಣು ಮಾಡಿದರು.

ನನಗೆ ಎಲ್ಲಕ್ಕಿಂತ ಆಳವಾಗಿ ತಟ್ಟಿದ್ದು ಅಮೆರಿಕದ ಡೂಲಿಟಲ್ ತಂಡದ ಪದ್ಧತಿ. 1942ರ ಏಪ್ರಿಲ್ 18ರಂದು 16 ವಿಮಾನಗಳಲ್ಲಿ ಜಪಾನಿನ ಮೇಲೆ ದಾಳಿಗೆ ಹೋದ 80 ಮಂದಿಯ ಹೆಸರಿನಲ್ಲಿ 80 ಬೆಳ್ಳಿಯ ಬಟ್ಟಲುಗಳನ್ನು ಮಾಡಿಸಲಾಗಿತ್ತು. ವರ್ಷಕ್ಕೊಮ್ಮೆ ಬದುಕಿರುವವರು ಸೇರಿ, ಆ ವರ್ಷ ತೀರಿಕೊಂಡವರ ಬಟ್ಟಲನ್ನು ಬೋರಲು ಹಾಕುತ್ತಿದ್ದರು. ಪ್ರತಿ ಬಟ್ಟಲಿನ ಮೇಲೂ ಹೆಸರನ್ನು ಎರಡು ಸಲ ಕೆತ್ತಲಾಗಿದೆ, ಒಂದು ನೆಟ್ಟಗೆ, ಇನ್ನೊಂದು ತಲೆಕೆಳಗಾಗಿ. ಬೋರಲು ಹಾಕಿದಾಗಲೂ ಹೆಸರು ಓದಲು ಸಿಗಬೇಕಲ್ಲ! ತಂಡದ ನಾಯಕ ಡೂಲಿಟಲ್ ಹುಟ್ಟಿದ 1896ನೇ ಇಸವಿಯ ಬ್ರಾಂದಿಯ ಒಂದು ಸೀಸೆಯನ್ನು ಕೊನೆಗೆ ಉಳಿದವರಿಗೆಂದು ತೆಗೆದಿಟ್ಟಿದ್ದರು. 2013ರ ನವೆಂಬರಿನಲ್ಲಿ, ನಾಲ್ವರಷ್ಟೇ ಉಳಿದಿದ್ದಾಗ, ಅವರಲ್ಲಿ ಮೂವರು ಒಟ್ಟಾಗಿ ಕುಳಿತು ಅದನ್ನು ತೆರೆದರು.

ಉತ್ತರ – ಶಾಸನಾಸಕ್ತ

ಬೆಂಗಳೂರಿನಲ್ಲಿ ಏನಿದೆ ಎಂದು ಕೇಳಿದ್ದೀರಿ. ಈ ಊರಿನ ಹೆಸರು ಮೊದಲು ಕಾಣುವುದೇ ಮಡಿದವನೊಬ್ಬನ ನೆನಪಿನ ಕಲ್ಲಿನಲ್ಲಿ: ಸುಮಾರು ಕ್ರಿ.ಶ. 890ರ ಬೇಗೂರಿನ ವೀರಗಲ್ಲು 'ಬೆಂಗಳೂರ ಕಾಳಗ'ವನ್ನು ಹೇಳುತ್ತದೆ. ನೆಹರು ತಾರಾಲಯದ ಸಮೀಪದ ರಾಷ್ಟ್ರೀಯ ಸೈನಿಕ ಸ್ಮಾರಕದಲ್ಲಿ ನಿಲ್ಲಿಸಿರುವುದೂ ಸುಮಾರು 75 ಅಡಿಯ ಏಕಶಿಲಾ ವೀರಗಲ್ಲೇ. ವಾಯುಪಡೆಯ ಈ ವ್ಯೂಹವನ್ನು ನಾನು ಆಕಾಶದ ವೀರಗಲ್ಲು ಎಂದೇ ಕರೆಯುತ್ತೇನೆ.

ಉತ್ತರ – ಜಾಲಹಳ್ಳಿಯ ನಿವೃತ್ತ

ಹೋಲಿಕೆ ಚೆನ್ನಾಗಿದೆ, ಆದರೆ ನಾನು ಪೂರ್ತಿ ಒಪ್ಪಲಾರೆ. ವೀರಗಲ್ಲಿನಲ್ಲಿ ವೀರನು ಕಾದಾಡುತ್ತಾನೆ, ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಾರೆ, ಮೇಲಿನ ಪಟ್ಟಿಕೆಯಲ್ಲಿ ಅವನು ಶಿವಸನ್ನಿಧಿಯಲ್ಲಿರುತ್ತಾನೆ. ಅವನು ಎಲ್ಲಿ ಸೇರಿದನೆಂಬುದನ್ನು ಕಲ್ಲು ಹೇಳಿಬಿಡುತ್ತದೆ. ಈ ವ್ಯೂಹ ಅವನ ಜಾಗವನ್ನು ಮಾತ್ರ ತೋರಿಸುತ್ತದೆ. ಅಂದಹಾಗೆ, ಹಳೆ ಮದ್ರಾಸ್ ರಸ್ತೆಯಿಂದ ವಿಮಾನ ತಯಾರಿಸುವ ಎಚ್‌ಎಎಲ್ ಕಡೆಗೆ ಹೋಗುವ ಸುರಂಜನ್ ದಾಸ್ ರಸ್ತೆಯನ್ನೂ ಮಗಳಿಗೆ ತೋರಿಸಿ. 1961ರಲ್ಲಿ ಎಚ್‌ಎಎಲ್ ತಯಾರಿಸಿದ ಮರುತ್ ಯುದ್ಧವಿಮಾನವನ್ನು ಮೊದಲ ಬಾರಿ ಹಾರಿಸಿದ ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ ಅವರು, 1970ರ ಜನವರಿಯಲ್ಲಿ ಇದೇ ಊರಿನಲ್ಲಿ ಮರುತ್ ವಿಮಾನದ ಅಪಘಾತದಲ್ಲೇ ಪ್ರಾಣ ಬಿಟ್ಟರು.

ಉತ್ತರ – ಕೊಡಗಿನವಳು, ಈಗ ಬೆಂಗಳೂರು

ನಮ್ಮ ಕೊಡಗಿನ ವಾಯುಪಡೆ ಪೈಲಟ್ ಅಜ್ಜಮಾಡ ದೇವಯ್ಯನವರನ್ನು ಯಾರೂ ಹೆಸರಿಸಲಿಲ್ಲವೆಂದು ಬರೆಯುತ್ತಿದ್ದೇನೆ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ನಡೆದ ದಾಳಿಗೆ ಅವರು ಮೀಸಲು ಪೈಲಟ್ ಆಗಿದ್ದವರು. ತಮ್ಮ ನಿಧಾನಗತಿಯ ಮಿಸ್ಟೇರ್ ವಿಮಾನದಲ್ಲೇ ಶಬ್ದಕ್ಕಿಂತ ವೇಗದ ಪಾಕಿಸ್ತಾನಿ ಸ್ಟಾರ್‌ಫೈಟರ್ ವಿಮಾನವೊಂದನ್ನು ಎದುರಿಸಿ ಹೊಡೆದುರುಳಿಸಿದರು, ತಾವು ಮಾತ್ರ ಮರಳಲಿಲ್ಲ. ನಮ್ಮ ಕಡೆ ಅವರು ಬಹುಕಾಲ 'ಕಾಣೆಯಾದವರು' ಅಷ್ಟೇ. ನಡೆದದ್ದು ಪಾಕಿಸ್ತಾನದ ಕಡೆಯ ವಿವರಗಳಿಂದ ತಿಳಿದುಬಂದು, 23 ವರ್ಷಗಳ ನಂತರ, 1988ರಲ್ಲಿ, ಮರಣೋತ್ತರ ಮಹಾವೀರ ಚಕ್ರ ಬಂತು. ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತವಿದೆ.

ಪ್ರಶ್ನೆ ಕೇಳಿದವರು – ಯಲಹಂಕ ನಿವಾಸಿ

ಎಲ್ಲರಿಗೂ ಕೃತಜ್ಞತೆಗಳು. ಸುರಂಜನ್ ದಾಸ್ ರಸ್ತೆಯಲ್ಲಿ ಆರು ವರ್ಷ ಕಚೇರಿಗೆ ಓಡಾಡಿದ್ದೇನೆ, ಆ ಹೆಸರು ಯಾರದೆಂದು ಒಮ್ಮೆಯೂ ವಿಚಾರಿಸಿರಲಿಲ್ಲ. ಭಾನುವಾರ ಮಗಳನ್ನು ಸ್ಮಾರಕಕ್ಕೆ ಕರೆದೊಯ್ಯುತ್ತೇನೆ. ಅವಳದೊಂದು ಪ್ರಶ್ನೆಯಿದೆ: ಬಾಣದಾಕಾರದ ವ್ಯೂಹವನ್ನು ಬರೆಯುವಾಗ ಖಾಲಿ ಜಾಗದಲ್ಲಿ ಚುಕ್ಕೆಗಳಿಂದ ಒಂದು ವಿಮಾನವನ್ನು ಬರೆಯಬಹುದೇ?

ಉತ್ತರ – ಜಾಲಹಳ್ಳಿಯ ನಿವೃತ್ತ

ಚುಕ್ಕೆ ಬೇಡವೆಂದು ಹೇಳಿ. ಆದರೆ ಆ ಜಾಗ ಸರಿಯಾಗಿ ಒಂದು ವಿಮಾನದಷ್ಟೇ ಇರುವಂತೆ ಅಳೆದು ಬರೆಯಲಿ. ಇಲ್ಲದಿದ್ದರೆ ನೋಡಿದವರು ಚಿತ್ರವೇ ಕೆಟ್ಟಿದೆ ಎಂದುಕೊಳ್ಳುತ್ತಾರೆ.