ಮುಖ ಕಾಣಲ್ಲ, ಸೊಂಟದ ನೋವು ಕಾಣುತ್ತೆ. ಹೇಗೆ?

ಮಡಿಕೇರಿ ಮಂಜು:
ಮನೆಯಲ್ಲೇ ಮನುಷ್ಯರ ಚಿತ್ರ ಬರೆಯಲು ಕಲಿಯುತ್ತಿದ್ದೇನೆ. ತೋಟದಲ್ಲಿ ಕಾಫಿ ಕುಯ್ಯುವ ಹೆಂಗಸರ ಫೋಟೋ ನೋಡಿ ಬರೆದರೆ ಎಲ್ಲರೂ ಗೊಂಬೆ ಹಾಗೆ ಆಗ್ತಾರೆ. ಮೊನ್ನೆ ಫ್ರಾನ್ಸಿನ ಚಿತ್ರಕಾರ ಮಿಲೆ 1857ರಲ್ಲಿ ಬರೆದ, ಹಕ್ಕಲು (ಕುಯ್ಲಾದ ಹೊಲದಲ್ಲಿ ಉಳಿದ ತೆನೆ) ಆಯುವ ಮೂವರು ಹೆಂಗಸರ ಚಿತ್ರ ನೋಡಿದೆ. ಮುಖ ಸರಿಯಾಗಿ ಕಾಣಲ್ಲ, ಆದರೂ ನೋಡ್ತಾ ನೋಡ್ತಾ ನನ್ನ ಸೊಂಟವೇ ಹಿಡಿದಂತಾಯಿತು. ರವಿವರ್ಮನ ಚಿತ್ರದಲ್ಲಾದರೆ ಮೊದಲು ಕಣ್ಣಿಗೆ ಬೀಳೋದೇ ಮುಖ. ಯಾರನ್ನು ನೋಡಿ ಕಲಿಯಲಿ?

ನಾಪೋಕ್ಲು ಅಕ್ಕ:
ಮಿಲೆ ಚಿತ್ರದಲ್ಲಿ ಎಡಗಡೆಯವಳ ಕೈ ನೋಡಿ. ಒಂದು ಕೈ ನೆಲಕ್ಕೆ, ಇನ್ನೊಂದು ಬೆನ್ನ ಹಿಂದೆ, ಆಯ್ದ ತೆನೆ ಹಿಡಿದುಕೊಂಡು. ನಮ್ಮಲ್ಲಿ ಕುಯ್ಲು ಮುಗಿದ ಮೇಲೆ ಗಿಡದ ಬುಡದಲ್ಲಿ ಬಿದ್ದ ಕಾಫಿ ಹೆಕ್ಕುವವರನ್ನು ನೋಡಿದ್ದೀರಲ್ವಾ, ಅದೇ ಬಾಗು. ಬಲಗಡೆಯವಳು ಪೂರ್ತಿ ಬಾಗಿಲ್ಲ, ಅರ್ಧ ಎದ್ದಿದ್ದಾಳೆ. ಹಿಂದೆ ದೂರದಲ್ಲಿ ದೊಡ್ಡ ಬಣವೆಗಳು, ಕುದುರೆ ಮೇಲೆ ಮೇಸ್ತ್ರಿ, ಎಲ್ಲಾ ಚಿಕ್ಕದು. ಬಡವರ ಮೈಯನ್ನು ಮುಂದೆ ತಂದು ದೊಡ್ಡದಾಗಿ ಇಟ್ಟಿದ್ದಾನೆ. ನೀವು ಮೈಯ ಅಂಚಿನಿಂದ ಶುರು ಮಾಡ್ತೀರಿ ಅನ್ಸುತ್ತೆ. ಭಾರ ಯಾವ ಕಾಲ ಮೇಲಿದೆ ಅಂತ ಮೊದಲು ನೋಡಿ, ಅಲ್ಲಿಂದ ಬೆನ್ನಿನ ಗೆರೆ ಎಳೆಯಿರಿ.

ಸೋಮವಾರಪೇಟೆಯವ:
ಅಕ್ಕ ಹೇಳಿದ್ದು ಸರಿ. ಫ್ರಾನ್ಸಿನವನೇ ಆದ ಚಿತ್ರಕಾರ ಕುರ್ಬೆ 1849ರಲ್ಲಿ ಕಲ್ಲು ಒಡೆಯುವ ಇಬ್ಬರನ್ನು ಬರೆದ, ಅದರಲ್ಲೂ ಮುಖ ಹೆಚ್ಚು ಕಾಣಲ್ಲ. ಮುದುಕನ ಟೋಪಿ, ಹುಡುಗನ ಹರಿದ ಅಂಗಿ, ಅಷ್ಟೇ ಸಾಕು. ಆ ಚಿತ್ರ ಎರಡನೇ ಮಹಾಯುದ್ಧದಲ್ಲಿ ನಾಶವಾಯಿತು, ನೆನೆದರೆ ಈಗಲೂ ಬೇಜಾರಾಗುತ್ತೆ. ಕುರ್ಬೆ ತನ್ನ ಊರಿನ ಶವಸಂಸ್ಕಾರ ಬರೆದ ಇನ್ನೊಂದು ಚಿತ್ರ ಆರು ಮೀಟರಿಗಿಂತ ಅಗಲ. ದೇವರು, ರಾಜರಿಗೆ ಮೀಸಲಾಗಿದ್ದ ಅಳತೆಯಲ್ಲಿ ಹಳ್ಳಿಯವರನ್ನು ನಿಲ್ಲಿಸಿದ್ದ, ಅದಕ್ಕೇ ಪ್ಯಾರಿಸ್‌ನಲ್ಲಿ ಗಲಾಟೆ ಆಗಿದ್ದು. ಆದರೆ ಇವರೆಲ್ಲಾ ಎದುರಿಗೆ ಆಳು ನಿಲ್ಲಿಸಿ ಬರೆದು ಪಳಗಿದವರು. ಫೋಟೋ ನೋಡಿಯೇ ಬರೀತಾ ಇದ್ದರೆ ಗೊಂಬೆ ಬಿಟ್ಟು ಮುಂದೆ ಹೋಗೋದು ಕಷ್ಟ.

ನಾಪೋಕ್ಲು ಅಕ್ಕ:
ರವಿವರ್ಮನನ್ನು ಬಿಡಬೇಡಿ ಮಾತ್ರ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಹನ್ನೊಂದು ಹೆಂಗಸರು ಗುಂಪಾಗಿ ಸೇರಿರುವ ಅವನ ಚಿತ್ರ ಇದೆ, ಒಬ್ಬೊಬ್ಬರದು ಒಂದೊಂದು ಕಡೆಯ ಉಡುಗೆ. ಮುಖ ಬಿಟ್ಟು ಬಟ್ಟೆ ನೋಡಿ, ಮೊಣಕಾಲು ಎಲ್ಲಿದೆ ಅಂತ ಮಡಿಕೆಯೇ ಹೇಳುತ್ತೆ. ನಮ್ಮ ಕೊಡವ ಸೀರೆಗೆ ನೆರಿಗೆ ಹಿಂದೆ ಇರುತ್ತಲ್ವಾ, ಬಾಗಿದಾಗ ಅದು ಹೇಗೆ ಬಿಚ್ಚಿಕೊಳ್ಳುತ್ತೆ ಅಂತ ಎದುರಿಗೆ ನೋಡಿಯೇ ಬರೆಯಬೇಕು.

ಮಡಿಕೇರಿ ಮಂಜು:
ಅಕ್ಕಾ, ಅಣ್ಣಾ, ತುಂಬಾ ಥ್ಯಾಂಕ್ಸ್. ಇವತ್ತು ಕಣದಲ್ಲಿ ಕಾಫಿ ಹರಡುತ್ತಿದ್ದ ಚಿಕ್ಕಮ್ಮನನ್ನು ಕೇಳಿ, ಐದೈದು ನಿಮಿಷಕ್ಕೆ ಒಂದರಂತೆ ಎಂಟು ಚಿತ್ರ ಬರೆದೆ. ಅವರು ಬಾಗುವಾಗ ಹಿಂದಿನ ಕಾಲಿನ ಹಿಮ್ಮಡಿ ನೆಲ ಬಿಟ್ಟು ಸ್ವಲ್ಪ ಮೇಲೇಳುತ್ತೆ. ಇಷ್ಟು ದಿನ ಎರಡೂ ಪಾದ ಚಪ್ಪಟೆಯಾಗಿ ಬರೆಯುತ್ತಿದ್ದೆ.