ಫ್ರೀ ಟು ಏರ್: ಉಚಿತ, ಪುಕ್ಕಟೆ, ಬಿಟ್ಟಿ, ಬಯಲು?

ಎಲ್ಲರಿಗೂ ನಮಸ್ಕಾರ. ಫ್ರೀ ಟು ಏರ್ (ತಿಂಗಳ ದುಡ್ಡು ಕಟ್ಟದೆ ಟಿವಿಯಲ್ಲಿ ನೋಡಬಹುದಾದ ಪ್ರಸಾರ) ಅನ್ನೋದಕ್ಕೆ ಕನ್ನಡದಲ್ಲಿ ಏನು ಬರೆಯಬೇಕು? ಜಮಖಂಡಿಯಲ್ಲಿ ನಮ್ಮ ಓಣಿಯ ಹುಡುಗರಿಗಾಗಿ ಒಂದು ಹಾಳೆ ಬರೆಯುತ್ತಿದ್ದೇನೆ, ತಿಂಗಳು ತಿಂಗಳು ರಿಚಾರ್ಜ್ ಮಾಡಿಸದೆ ಮನೆಯಲ್ಲೇ ಮ್ಯಾಚ್ ನೋಡೋದು ಹೇಗೆ ಅಂತ. ಡಿಶ್ ಯಾವ ಕಡೆ ತಿರುಗಿಸಬೇಕು ಅನ್ನೋದು ಬರೆದಾಯ್ತು (ದೂರದರ್ಶನದ ಫ್ರೀ ಡಿಶ್‌ನ ಉಪಗ್ರಹ ಇರೋದು 93.5 ಡಿಗ್ರಿ ಪೂರ್ವದಲ್ಲಿ, ನಮ್ಮೂರಿನಿಂದ ಆಗ್ನೇಯಕ್ಕೆ). ಈ ಒಂದು ಪದದ ಹತ್ತಿರ ಸಿಕ್ಕಿಕೊಂಡಿದ್ದೇನೆ.

ಸಾಮಾನ್ಯವಾಗಿ ಬರೆಯೋದು "ಉಚಿತ". ನನಗೆ ಒಪ್ಪಿಗೆಯಿಲ್ಲ. ದೂರದರ್ಶನದ ಫ್ರೀ ಡಿಶ್ 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಅನ್ನೋ ಹೆಸರಲ್ಲಿ ಶುರುವಾಯಿತು, ಅವತ್ತಿನಿಂದಲೂ ಅದಕ್ಕೆ ತಿಂಗಳ ಶುಲ್ಕ ಇಲ್ಲ, ನಿಜ. ಆದರೆ ಡಿಶ್, ಬಾಕ್ಸ್, ವೈರು, ಮಾಳಿಗೆ ಮೇಲೆ ಕೂಡಿಸಿಕೊಡುವವನ ಕೂಲಿ, ಇವಕ್ಕೆಲ್ಲ ಒಂದು ಸಲವಾದರೂ ದುಡ್ಡು ಬಿಚ್ಚಲೇಬೇಕು. ಉಚಿತ ಅಂತ ಓದಿಕೊಂಡು ಹೋದವರು ಅಂಗಡಿಯಲ್ಲಿ ಜಗಳ ತೆಗೆಯುತ್ತಾರೆ.

ನಮ್ಮಲ್ಲಿ ಬಾಯಿಮಾತು "ಪುಕ್ಕಟೆ". ಮರಾಠಿಯವರ ಫುಕಟ್ ಕೂಡ ಇದೇ. ಎಲ್ಲರಿಗೂ ತಿಳಿಯುತ್ತೆ, ಸರಿ. ಆದರೆ ಪುಕ್ಕಟೆ ಅಂದ ಕೂಡಲೇ ಹುಡುಗರು ಮೊಬೈಲ್‌ಗೆ ಬರುವ ಕಳ್ಳ ಲಿಂಕುಗಳನ್ನೂ ಅದರಲ್ಲೇ ಸೇರಿಸಿಬಿಡುತ್ತಾರೆ. ನಾನು ಹೇಳ್ತಿರೋದು ಕಾನೂನಿನ ಪ್ರಕಾರ ಸಿಗೋದನ್ನು. "ಬಿಟ್ಟಿ" ಇನ್ನೂ ಕಷ್ಟ. ಅದು ಸಂಸ್ಕೃತದ ವಿಷ್ಟಿಯಿಂದ ಬಂದದ್ದು, ಕೂಲಿ ಕೊಡದೆ ಮಾಡಿಸಿಕೊಳ್ಳುವ ಚಾಕರಿ. ಬಿಟ್ಟಿ ಮ್ಯಾಚ್ ಅಂದರೆ ಆಡಿದವರಿಗೆ ಏನೂ ಸಿಗಲಿಲ್ಲ ಅಂದ ಹಾಗೆ. ಕ್ರಿಕೆಟ್ ಆಡುವವರ ವಿಷಯದಲ್ಲಿ ಇದಕ್ಕಿಂತ ದೊಡ್ಡ ಸುಳ್ಳಿಲ್ಲ! "ಧರ್ಮಕ್ಕೆ" ಅಂತ ಹಾಕೋಣ ಅಂದರೆ, ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಅನ್ನೋ ಗಾದೆ ಇದ್ದೇ ಇದೆ. ಅಲ್ಲದೆ ಇದು ಯಾರೂ ದಾನ ಕೊಟ್ಟದ್ದಲ್ಲ.

ನಿಜವಾದ ತೊಡಕು ಇರೋದು ಕಾನೂನಿನ ಕಡೆ. 2007ರ ಕಾಯ್ದೆಯ ಪ್ರಕಾರ, ರಾಷ್ಟ್ರೀಯ ಮಹತ್ವದ ಆಟ ಅಂತ ಸರ್ಕಾರ ಪಟ್ಟಿ ಮಾಡಿದ್ದನ್ನು ಪ್ರಸಾರದ ಹಕ್ಕು ಕೊಂಡ ಖಾಸಗಿ ಚಾನೆಲ್‌ನವರು ಪ್ರಸಾರ ಭಾರತಿಗೂ (ದೂರದರ್ಶನ ನಡೆಸುವ ಸಂಸ್ಥೆ) ಕೊಡಬೇಕು. ಭಾರತದ ಪುರುಷರ ತಂಡ ಆಡುವ ಒಂದು ದಿನದ ಪಂದ್ಯ, ಟಿ-20, ಒಲಿಂಪಿಕ್ಸ್, ಇಂಥವು. ಐಪಿಎಲ್ ಅದರಲ್ಲಿಲ್ಲ, ಆಸೆ ಬೇಡ. ಜಾಹೀರಾತಿನ ದುಡ್ಡಿನಲ್ಲಿ ನೂರಕ್ಕೆ 75 ಹಕ್ಕುದಾರರಿಗೆ, 25 ಪ್ರಸಾರ ಭಾರತಿಗೆ. ಆಮೇಲೆ 2017ರಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು: ಹೀಗೆ ಸಿಕ್ಕ ಮ್ಯಾಚನ್ನು ದೂರದರ್ಶನ ತನ್ನ ಟವರ್ ಮತ್ತು ತನ್ನ ಡಿಶ್ ಮೂಲಕ ಮಾತ್ರ ತೋರಿಸಬೇಕು, ಕೇಬಲ್‌ನವರಿಗೆ ದಾಟಿಸುವಂತಿಲ್ಲ. ಟವರ್‌ಗಳು ಈಗ ಬಹುತೇಕ ಮುಚ್ಚಿವೆ, ಉಳಿದದ್ದು ಡಿಶ್ ಒಂದೇ. ಹೀಗಾಗಿ ಡಿಡಿ ಸ್ಪೋರ್ಟ್ಸ್ ಅನ್ನೋ ಅದೇ ಚಾನೆಲ್ ಅದೇ ಹೊತ್ತಿಗೆ ಈ ಮನೆಯ ಫ್ರೀ ಡಿಶ್‌ನಲ್ಲಿ ಭಾರತದ ಮ್ಯಾಚ್ ತೋರಿಸುತ್ತಿದ್ದರೆ, ಪಕ್ಕದ ಮನೆಯ ಕೇಬಲ್‌ನಲ್ಲಿ ಬೇರೇನೋ ಬರುತ್ತಿರುತ್ತೆ. ತಿಂಗಳಿಗೆ ದುಡ್ಡು ಕಟ್ಟಿದವನಿಗಿಲ್ಲ, ಕಟ್ಟದವನಿಗುಂಟು. ಇದನ್ನು "ಉಚಿತ ಚಾನೆಲ್" ಅಂತ ಬರೆದರೆ ಕೇಬಲ್ ಇದ್ದವರು ರಿಮೋಟ್ ಒತ್ತಿ ಒತ್ತಿ ನನ್ನನ್ನೇ ಬೈತಾರೆ, ಅಲ್ವಾ? ಅಂದಮೇಲೆ ಆ ಫ್ರೀ ಅನ್ನೋದು ಚಾನೆಲ್‌ಗಲ್ಲ, ಅದು ಬರುವ ದಾರಿಗೆ ಸೇರಿದ್ದು.

ಅದಕ್ಕೇ "ಬಯಲು ಪ್ರಸಾರ" ಅಂದರೆ ಹೇಗೆ ಅಂತ ಯೋಚನೆ. ನಮ್ಮ ಕಡೆಯ ಬಯಲಾಟದ ಹಾಗೆ: ಟಿಕೆಟ್ ಇಲ್ಲ, ಬಾಗಿಲಿಲ್ಲ, ಬಂದವರು ಕೂತು ನೋಡಬಹುದು, ಹಾಸಿಕೊಳ್ಳೋಕೆ ಕಂಬಳಿ ಮಾತ್ರ ನೀವೇ ತರಬೇಕು. ಹಾಳೆ ಓದಿದ ಗೆಳೆಯರೊಬ್ಬರು ನಕ್ಕರು. ಬಯಲು ಅಂದರೆ ಗುಟ್ಟು ಬಯಲಾಗೋದು, ಇಲ್ಲಾ ಬಯಲು ಶೌಚ, ಅಷ್ಟೇ ನೆನಪಾಗೋದು ಅಂದರು. ಅವರ ಸಲಹೆ "ಮುಕ್ತ ಪ್ರಸಾರ". ತೆಗೆದುಹಾಕುವ ಮಾತಲ್ಲ. ಮುಕ್ತ ವಿಶ್ವವಿದ್ಯಾಲಯ ಅಂತೀವಿ, ಶುಲ್ಕವೂ ಕಟ್ಟುತ್ತೀವಿ, ಅಂದರೆ ಮುಕ್ತಕ್ಕೂ ದುಡ್ಡಿಗೂ ಗಂಟು ಬಿದ್ದಿಲ್ಲ. ಆದರೆ ಓಣಿಯ ಹುಡುಗರು ಆಡುವ ಪದವೂ ಅಲ್ಲ ಅದು. ಇನ್ನೊಂದು ಸಣ್ಣ ತಕರಾರು: ಈಚೆಗೆ ಫ್ರೀ ಡಿಶ್‌ನಲ್ಲೇ ಕೆಲವು ಚಾನೆಲ್‌ಗಳಿಗೆ ಐಕ್ಯಾಸ್ ಅನ್ನೋ ಬೀಗ ಇದೆ, ಅದಕ್ಕೆ ತಕ್ಕ ಬಾಕ್ಸ್ ಇದ್ದರೆ ಮಾತ್ರ ಕಾಣುತ್ತವೆ. ತಿಂಗಳ ದುಡ್ಡು ಕೇಳೋದಿಲ್ಲ, ಬೀಗ ಮಾತ್ರ ಇದೆ. ಇದನ್ನು ಬಯಲು ಅನ್ನಬಹುದಾ?

ಬೆಳಗಾವಿ, ವಿಜಯಪುರ ಕಡೆಯವರು ಮಾತಿನಲ್ಲಿ ಬೇರೆ ಪದ ಬಳಸುತ್ತಿದ್ದರೆ ದಯವಿಟ್ಟು ತಿಳಿಸಿ. ಸುಮ್ನೆ ಹೊಸದಾಗಿ ಹುಟ್ಟಿಸಿದ್ದು ಬೇಡ, ಯಾರಾದರೂ ಆಡೋದನ್ನು ಕೇಳಿದ್ದೇ ಬೇಕು. ಹಾಳೆ ಛಾಪಿಸೋಕೆ ಕೊಡೋವರೆಗೆ ಕಾಯುತ್ತೇನೆ, ಏನೂ ಸಿಗದಿದ್ದರೆ "ರಿಚಾರ್ಜ್ ಇಲ್ಲದ ಡಿಶ್" ಅಂತಲೇ ಹಾಕಿಬಿಡುತ್ತೇನೆ, ಇಲ್ಲಿನ ಅಂಗಡಿಯವರು ಗಿರಾಕಿಗೆ ಹೇಳೋದೂ ಅದನ್ನೇ.