ಅಪ್‌ಡೇಟ್: ಲ್ಯಾಬಿನ ಜೀಬ್ರಾ ಮೀನುಗಳು ಸಾಯುವುದು ನಿಂತಿದೆ

ಹತ್ತು ದಿನದ ಹಿಂದೆ ಕೇಳಿದ್ದೆನಲ್ಲ, ನಮ್ಮ ಲ್ಯಾಬಿನ ಜೀಬ್ರಾ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿವೆ, ದಿನಾ ಎರಡು ಮೂರು ಸಾಯುತ್ತಿವೆ ಅಂತ. ಈಗ ಎಲ್ಲ ಸರಿಹೋಗಿದೆ!

ಹೀಟರ್ ನೋಡಿ ಅಂದಿದ್ದಿರಿ. 28 ಡಿಗ್ರಿ ಸರಿಯಾಗೇ ಇತ್ತು. ಆಹಾರ ಬದಲಿಸಿದರೂ ಪ್ರಯೋಜನ ಆಗಲಿಲ್ಲ. ನೈಟ್ರೈಟ್ (ಮೀನಿನ ತ್ಯಾಜ್ಯದಿಂದ ನೀರಲ್ಲಿ ಸೇರುವ ವಿಷ) ಅಳೆಯಿರಿ ಅಂದವರ ಮಾತೇ ನಿಜವಾಯಿತು. ಪರೀಕ್ಷೆಗೆ ತೆಗೆದ ನೀರು ಕಡು ನೇರಳೆ ಬಣ್ಣಕ್ಕೆ ತಿರುಗಿತು, ಅಂದರೆ ನೈಟ್ರೈಟ್ ತುಂಬಾ ಇತ್ತು. ಸತ್ತ ಮೀನಿನ ಕಿವಿರು ಕೆಂಪಗಿರಲಿಲ್ಲ, ಕಂದು ಬಣ್ಣಕ್ಕೆ ತಿರುಗಿತ್ತು; ನೈಟ್ರೈಟ್ ರಕ್ತ ಸೇರಿದರೆ ಹೀಗಾಗುತ್ತದೆ, ಮೀನಿಗೆ ಆಮ್ಲಜನಕ ಸಾಲುವುದಿಲ್ಲ. ಫಿಲ್ಟರ್ ಸ್ಪಂಜನ್ನು ನಾನು ನಲ್ಲಿ ನೀರಲ್ಲಿ ತೊಳೆದಿದ್ದೆ, ಅದರಲ್ಲಿನ ಕ್ಲೋರಿನ್‌ಗೆ ನೈಟ್ರೈಟ್ ತೆಗೆಯುವ ಒಳ್ಳೆಯ ಬ್ಯಾಕ್ಟೀರಿಯಾ ಸತ್ತಿದ್ದವು.

ದಿನಾ ಕಾಲುಭಾಗ ನೀರು ಬದಲಿಸಿದೆ, ಅಯೋಡಿನ್ ಇಲ್ಲದ ಉಪ್ಪು ಸ್ವಲ್ಪ ಹಾಕಿದೆ. ಉಪ್ಪಿನ ಕ್ಲೋರೈಡ್ ಇದ್ದರೆ ನೈಟ್ರೈಟ್ ಕಿವಿರಿನೊಳಗೆ ಕಡಿಮೆ ಹೋಗುತ್ತದೆ. ಇದು ನನಗೆ ಗೊತ್ತೇ ಇರಲಿಲ್ಲ! ಆ ಬ್ಯಾಕ್ಟೀರಿಯಾ ಮತ್ತೆ ಬರಲಿ ಅಂತ ಪಕ್ಕದ ಆರೋಗ್ಯವಂತ ಟ್ಯಾಂಕಿನ ಹಳೆ ಸ್ಪಂಜನ್ನೂ ತಂದಿಟ್ಟೆ. ಇವತ್ತು ಆರ್ಟೀಮಿಯಾ (ಮೀನಿಗೆ ಹಾಕುವ ಪುಟ್ಟ ಸೀಗಡಿಯಂಥ ಜೀವಿ) ಹಾಕಿದ ತಕ್ಷಣ ಮೀನುಗಳೆಲ್ಲ ನುಗ್ಗಿ ಬಂದವು.